ಉಪ್ಪುನೀರಿನ ಟ್ಯಾಂಕಿಗೆ ಸಿಹಿನೀರು ತುಂಬಿಸಿದ್ದು

ಪರಿಚಯದವರೊಬ್ಬರು ಉಪ್ಪುನೀರಿನ ಮೀನು ಸಾಕುವುದನ್ನು ಬಿಟ್ಟಾಗ ಅವರ ಇಡೀ ಸೆಟ್ ನಾನು ತಗೊಂಡೆ. ಸುಮಾರು 250 ಲೀಟರಿನ ಗಾಜಿನ ಟ್ಯಾಂಕ್, ನೀರು ಇಳಿದು ಸೋಸಿಕೊಳ್ಳಲು ಕೆಳಗೆ ಇಡುವ ತೊಟ್ಟಿ (ಸಂಪ್), ನೀರು ಮೇಲೆತ್ತುವ ಪಂಪು, ಕೊಳೆಯನ್ನು ನೊರೆಯಾಗಿ ಎತ್ತುವ ಪ್ರೋಟೀನ್ ಸ್ಕಿಮ್ಮರ್, ಅಲೆ ಎಬ್ಬಿಸುವ ಎರಡು ಮೋಟರ್, ಹೀಟರ್, ನೀಲಿ ಬೆಳಕಿನ ಎಲ್‌ಇಡಿ, ಆರ್‌ಒ ಫಿಲ್ಟರ್, ಹವಳದ ಮರಳು, ಒಂದಿಷ್ಟು ಲೈವ್ ರಾಕ್, ಅಂದರೆ ಸಮುದ್ರದ ಜೀವಿಗಳು ನೆಲೆಸಿರುವ ಸುಣ್ಣದ ಕಲ್ಲು. ನನಗೆ ಬೇಕಿದ್ದದ್ದು ಗಿಡ ತುಂಬಿದ ಸಿಹಿನೀರಿನ ಟ್ಯಾಂಕ್. ಅದರಲ್ಲಿ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನು, ಚೆರ್ರಿ ಸಿಗಡಿ.

ಎಲ್ಲರ ಹಾಗೆ ನನಗೂ ಉಪ್ಪಿನದೇ ಭಯವಿತ್ತು. ಆದರೆ ಉಪ್ಪು ನೀರಲ್ಲಿ ಕರಗುವ ವಸ್ತು ಅಲ್ವಾ, ನಾಲ್ಕೈದು ಸಲ ತೊಳೆದರೆ ಹೋಗುತ್ತದೆ. ಬಿಡದೆ ಕಾಡಿದ್ದು ಸುಣ್ಣ ಮತ್ತು ತಾಮ್ರ.

ಗಾಜಿಗೆ ಹವಳಪಾಚಿಯ ನೇರಳೆ ಪದರ ಗಟ್ಟಿಯಾಗಿ ಕೂತಿತ್ತು. ಅದೂ ಸುಣ್ಣವೇ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿಟ್ಟು, ಆಮೇಲೆ ಬ್ಲೇಡಿನಿಂದ ಕೆರೆದೆ. ಮೂಲೆಗಳಲ್ಲಿ ಮಾತ್ರ ಬ್ಲೇಡ್ ಮುಟ್ಟಿಸಲಿಲ್ಲ. ಅಲ್ಲಿನ ಸಿಲಿಕೋನ್ ಅಂಟು ಒಂದು ಕಡೆ ಕುಯ್ದರೂ ಸೋರುತ್ತದೆ. ಪಂಪನ್ನು ಬಿಚ್ಚಿ, ತಿರುಗುವ ಭಾಗವನ್ನು ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಹಾಕಿದರೆ ಹೊಸದರಂತೆ ಸದ್ದಿಲ್ಲದೆ ತಿರುಗಿತು. ಟ್ಯಾಂಕಿಗೆ ನೀರು ತುಂಬಿಸಿ ಮೂರು ದಿನ ಹಾಗೇ ಬಿಟ್ಟೆ, ಎಲ್ಲೂ ಜಿನುಗಲಿಲ್ಲ. ಕರೆಂಟ್ ಹೋದಾಗ ಮೇಲಿನ ನೀರು ಎಷ್ಟು ಕೆಳಗಿಳಿಯುತ್ತದೆ ಎಂದು ಪಂಪು ನಿಲ್ಲಿಸಿ ನೋಡಿದೆ. ಸಂಪ್ ತುಂಬಿ ಹರಿಯುವಷ್ಟು ಇಳಿಯಿತು! ಪಂಪು ನಿಂತಾಗ ನೀರು ಮೇಲೆ ಹೋಗುವ ಪೈಪಿನಿಂದಲೇ ವಾಪಸು ಇಳಿಯುತ್ತದೆ. ಹಾಗಾಗಿ ಆ ಪೈಪಿಗೆ ಟ್ಯಾಂಕಿನ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆದೆ. ಮಟ್ಟ ತೂತಿಗೆ ಇಳಿದ ಕೂಡಲೇ ಗಾಳಿ ಒಳಗೆ ಹೋಗಿ ಹರಿವು ನಿಲ್ಲುತ್ತದೆ. ಈ ಪರೀಕ್ಷೆ ಮಾಡದೆ ಯಾರೂ ಸಂಪ್ ಓಡಿಸಬಾರದು.

ಹೀಟರಿನ ಪ್ಲಗ್ ಪಿನ್ನುಗಳು ಹಸಿರುಗಟ್ಟಿದ್ದವು. ಅದನ್ನು ಯೋಚಿಸದೆ ಎಸೆದೆ. ನೀರು, ಕರೆಂಟ್ ಸೇರುವ ಕಡೆ ಉಳಿತಾಯ ಬೇಡ.

ಸ್ಕಿಮ್ಮರ್ ಓಡಿಸಿ ನೋಡಿದೆ. ಅದರ ಕೊಳೆ ಸೇರುವ ಕಪ್‌ಗೆ ಒಂದು ಹನಿಯೂ ಬರಲಿಲ್ಲ. ಉಪ್ಪುನೀರಿನಲ್ಲಿ ಗುಳ್ಳೆಗಳು ಸಣ್ಣದಾಗಿಯೇ ಉಳಿದು ಕೊಳೆಯನ್ನು ನೊರೆಯಾಗಿ ಮೇಲೆ ತರುತ್ತವೆ. ಸಿಹಿನೀರಿನಲ್ಲಿ ಅವು ಒಂದಕ್ಕೊಂದು ಸೇರಿ ದೊಡ್ಡದಾಗಿ ಒಡೆದುಹೋಗುತ್ತವೆ. ಸ್ಕಿಮ್ಮರನ್ನು ಉಪ್ಪುನೀರಿನ ಮೀನು ಸಾಕುವವರಿಗೇ ಕೊಟ್ಟೆ. ಅಲೆಯ ಮೋಟರ್‌ಗಳೂ ಹೋದವು, ಆ ಸೆಳೆತದಲ್ಲಿ ಟೆಟ್ರಾ ನಿಲ್ಲಲಾರವು. ಎಲ್‌ಇಡಿಯಲ್ಲಿ ನೀಲಿಯನ್ನು ತಗ್ಗಿಸಿ ಬಿಳಿಯನ್ನು ಏರಿಸಿದೆ, ದಿನಕ್ಕೆ ಆರು ಗಂಟೆ ಮಾತ್ರ. ಜಾಸ್ತಿ ಇಟ್ಟರೆ ಗಾಜೆಲ್ಲ ಪಾಚಿ. ಎಲ್ಲಕ್ಕಿಂತ ಉಪಕಾರವಾದದ್ದು ಆರ್‌ಒ ಫಿಲ್ಟರ್. ಅದರ ನೀರಿನಲ್ಲಿ ಲವಣ ಇರುವುದೇ ಇಲ್ಲ ಎನ್ನಬಹುದು. ಹಾಗಾಗಿ ನಲ್ಲಿ ನೀರಿನ ಜೊತೆ ಬೆರೆಸಿ ಬಳಸುತ್ತೇನೆ.

ಟ್ಯಾಂಕಿನ ಫಿಲ್ಟರಿನ ಸೆರಾಮಿಕ್ ಉಂಗುರಗಳಲ್ಲಿ, ಮೀನಿನ ಕೊಳೆಯಿಂದ ಬರುವ ಅಮೋನಿಯಾ, ನೈಟ್ರೈಟ್ ಎಂಬ ವಿಷಗಳನ್ನು ಕಳೆಯುವ ಬ್ಯಾಕ್ಟೀರಿಯಾ ತಯಾರಾಗಿಯೇ ಇರುತ್ತದೆ ಎಂದುಕೊಂಡಿದ್ದೆ. ಉಪ್ಪುನೀರಿಗೆ ಒಗ್ಗಿದವು ಸಿಹಿನೀರಿನಲ್ಲಿ ಉಳಿಯಲಿಲ್ಲ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಐದು ವಾರ ಬೇಕಾಯಿತು. ಅಲ್ಲಿಯವರೆಗೆ ಮೀನು ಬಿಡಲಿಲ್ಲ.

ನನ್ನ ದೊಡ್ಡ ತಪ್ಪು ಕಲ್ಲಿನದು. ಮರಳನ್ನು ತೆಗೆದಿಟ್ಟಿದ್ದೆ, ಆದರೆ ಎರಡು ಕಲ್ಲು ನೋಡಲು ಚೆನ್ನಾಗಿವೆ ಎಂದು ಒಣಗಿಸಿ, ಉಜ್ಜಿ ತೊಳೆದು ಒಳಗಿಟ್ಟೆ. ಪಿಎಚ್ 7ರಿಂದ ಮೆಲ್ಲಗೆ 8ರ ಹತ್ತಿರ ಹೋಯಿತು. ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಕರಗುತ್ತಾ ನೀರನ್ನು ಗಡಸು ಮಾಡುತ್ತದೆ. ಟೆಟ್ರಾಗಳು ಹೇಗೋ ತಡೆದುಕೊಂಡವು. ಆಮೇಲೆ ಬಿಟ್ಟ ಹತ್ತು ಸಿಗಡಿಗಳು ಎರಡೇ ದಿನದಲ್ಲಿ ಸತ್ತವು. ಆ ಬೆಳಿಗ್ಗೆ ಅವನ್ನು ಒಂದೊಂದಾಗಿ ಎತ್ತುವಾಗ ಕೈ ಬರಲಿಲ್ಲ. ಟ್ಯಾಂಕ್ ಕೊಟ್ಟವರಿಗೆ ಫೋನ್ ಮಾಡಿದೆ. ಮೀನುಗಳಿಗೆ ಬಿಳಿಚುಕ್ಕೆ ರೋಗ ಬಂದಾಗ ಟ್ಯಾಂಕಿಗೇ ತಾಮ್ರದ ಔಷಧಿ ಹಾಕಿದ್ದೆವು ಎಂದರು. ಮೀನು ತಾಳುವಷ್ಟು ತಾಮ್ರವೂ ಸಿಗಡಿ, ಬಸವನಹುಳುಗಳಿಗೆ ವಿಷ. ಈ ಕಲ್ಲು ತಾಮ್ರವನ್ನು ಹೀರಿಕೊಂಡು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ತಾಮ್ರದ ಟೆಸ್ಟ್ ಕಿಟ್ ತಂದು ನೋಡಿದಾಗ ಬಣ್ಣ ಬಂತು. ತಗೊಳ್ಳುವ ದಿನವೇ ಕೇಳಬೇಕಿದ್ದ ಪ್ರಶ್ನೆ ಅದು.

ಕಲ್ಲು ತೆಗೆದೆ. ಸಂಪಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಇಟ್ಟೆ, ವಾರಕ್ಕೆರಡು ಸಲ ನೀರು ಬದಲಿಸಿದೆ. ಕಿಟ್‌ನಲ್ಲಿ ಬಣ್ಣ ಕಾಣದೆ ಹೋದ ಮೇಲೂ ಒಂದು ತಿಂಗಳು ಕಾದು, ಮೊದಲು ಮೂರೇ ಸಿಗಡಿ ಬಿಟ್ಟೆ. ಅವು ಉಳಿದವು. ಈಗ ಎಲೆಗಳ ಮೇಲೆ ಮರಿಗಳೂ ಓಡಾಡುತ್ತಿವೆ.

ಹವಳದ ಮರಳನ್ನು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಸಾಕುವ ಗೆಳೆಯನಿಗೆ ಕೊಟ್ಟೆ. ಆ ಮೀನುಗಳಿಗೆ ಗಡಸು ನೀರೇ ಬೇಕು. ತಾಮ್ರದ ವಿಷಯವನ್ನೂ ಬಿಡಿಸಿ ಹೇಳಿ, ಆ ಟ್ಯಾಂಕಿಗೆ ಬಸವನಹುಳು ಮಾತ್ರ ಬಿಡಬೇಡ ಎಂದು ಎರಡು ಸಲ ಹೇಳಿಯೇ ಕೊಟ್ಟೆ.