ಕುಂದನ್ನು ಮೊದಲು ಬರೆಯುತ್ತೇನೆ

ಬದಿಯಡ್ಕದ ಹತ್ತಿರ ಒಂದು ಹಳೆಯ ಮನೆಯನ್ನು ಕೆಡಹುವಾಗ ಅಟ್ಟದ ಮೇಲೆ, ಅಡಿಕೆ ಗೋಣಿಗಳ ಹಿಂದೆ, ಒಂದು ಮರದ ಪೆಟ್ಟಿಗೆ ಸಿಕ್ಕಿತು. ತುಂಬ ಯಕ್ಷಗಾನ ಪ್ರಸಂಗದ, ಎಂದರೆ ಆಟದಲ್ಲಿ ಹಾಡುವ ಪದ್ಯಗಳ, ಪುಸ್ತಕಗಳು. ಗುಜರಿಯವರು ಕಿಲೋ ಲೆಕ್ಕದಲ್ಲಿ ಒಯ್ಯುವ ಮುನ್ನ ನನಗೆ ಸುದ್ದಿ ಬಂತು. ಹಳೆಯ ಕನ್ನಡ ಪುಸ್ತಕ ಮಾರುವ ನನ್ನ ಕೆಲಸ ನಿಂತಿರುವುದೇ ಇಂಥ ಸುದ್ದಿಗಳ ಮೇಲೆ. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಪುಸ್ತಕಗಳಿವೆ, ಕನ್ನಡ ಓದಬಲ್ಲ ಮೊಮ್ಮಕ್ಕಳಿಲ್ಲ.

ತಂದದ್ದನ್ನೆಲ್ಲ ವರ್ಷಕ್ಕೆ ಎರಡು ಸಲ ಪಟ್ಟಿ ಮಾಡಿ ಸಂಗ್ರಾಹಕರಿಗೆ ಕಳುಹಿಸುತ್ತೇನೆ. ಧಾರವಾಡದಲ್ಲೋ ಮುಂಬಯಿಯಲ್ಲೋ ಇರುವವರು ಪುಸ್ತಕವನ್ನು ಮುಟ್ಟಿ ನೋಡಲಾರರು, ನಾನು ಬರೆದ ನಾಲ್ಕು ಸಾಲನ್ನು ನಂಬಿ ಹಣ ಕಳುಹಿಸುತ್ತಾರೆ. ಮೊದಲ ಪಟ್ಟಿಯಲ್ಲೇ ನಾನು ಆ ನಂಬಿಕೆಗೆ ತಪ್ಪಿದೆ. ಒಂದು ಪ್ರಸಂಗ ಸಂಪುಟಕ್ಕೆ ‘ಪೂರ್ಣ ಪ್ರತಿ’ ಎಂದು ಬರೆದಿದ್ದೆ. ಅದರಲ್ಲಿ 33ರಿಂದ 48ರವರೆಗೆ ಹದಿನಾರು ಪುಟಗಳ ಒಂದು ಇಡೀ ಫಾರಮೇ ಇರಲಿಲ್ಲ. ಅಂಚೆ ವೆಚ್ಚವನ್ನೂ ಸೇರಿಸಿ ಹಣ ಮರಳಿಸಿದೆ. ಅಂದಿನಿಂದ ಪ್ರತಿಯೊಂದು ಪುಟವನ್ನೂ ಎಣಿಸುತ್ತೇನೆ. ಗೆದ್ದಲು ತಿಂದ ಅಂಚು, ಮಳೆಗಾಲದ ತೇವದ ಕಲೆ, ಬಿಚ್ಚಿದ ಹೊಲಿಗೆ, ಬದಲಾಯಿಸಿದ ರಟ್ಟು, ಎಲ್ಲವನ್ನೂ ಹೇಳಿದ ಮೇಲೆಯೇ ಪುಸ್ತಕದ ಗುಣ.

ಹೆಚ್ಚು ಹೊತ್ತು ಹಿಡಿಯುವುದು ಕಾಲನಿರ್ಣಯ. ಕ್ರಯ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ ‘0-8-0’ ಎಂದಿದ್ದರೆ ಎಂಟಾಣೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ, ಆದ್ದರಿಂದ ಪುಸ್ತಕ ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಕೆಲವದರಲ್ಲಿ ಇಸವಿಯೇ ಇರುವುದಿಲ್ಲ, ಸಂವತ್ಸರದ ಹೆಸರು ಮಾತ್ರ. ನನಗೆ ಸಿಕ್ಕಿದ ಒಂದರಲ್ಲಿ ಪ್ರಜೋತ್ಪತ್ತಿ ಎಂದಿತ್ತು. ಅರವತ್ತು ವರ್ಷಕ್ಕೊಮ್ಮೆ ಮರಳುವ ಹೆಸರಾದ್ದರಿಂದ ಅದು 1871–72 ಆಗಬಹುದು, 1931–32 ಕೂಡ ಆಗಬಹುದು. ಬೆಲೆಯಲ್ಲಿ ಇದು ಅಜಗಜಾಂತರ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕೊನೆಯ ಪುಟದ ಜಾಹೀರಾತು ಕಣ್ಣಿಗೆ ಬಿತ್ತು: ಪುಸ್ತಕಗಳನ್ನು ಮಂಗಳೂರಿನಿಂದ ರೈಲ್ವೆ ಪಾರ್ಸೆಲಿನಲ್ಲಿ ಕಳುಹಿಸಲಾಗುವುದು. ನಮ್ಮ ಊರುಗಳನ್ನು ಹಾದು ಮಂಗಳೂರಿಗೆ ರೈಲು ತಲುಪಿದ್ದು 1907ರಲ್ಲಿ. ಹಾಗಾಗಿ ಕಡಿಮೆ ಬೆಲೆಯ 1931ನ್ನೇ ಬರೆದೆ.

ಕಿಟ್ಟೆಲ್ ನಿಘಂಟಿನ 1894ರ ಬಾಸೆಲ್ ಮಿಶನ್ ಮುದ್ರಣವನ್ನು ಕೇಳದ ಸಂಗ್ರಾಹಕರು ಕಡಿಮೆ. ಪಡಿಯಚ್ಚಿನ ಮರುಮುದ್ರಣಗಳಲ್ಲಿಯೂ ಹಳೆಯ ಮುಖಪುಟವೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ನಾನು ಹಾಳೆಯ ಹಿಂಬದಿಯ ಮೇಲೆ ಬೆರಳಾಡಿಸುತ್ತೇನೆ. ಮೂಲ ಮುದ್ರಣವಾದರೆ ಅಚ್ಚುಮೊಳೆಯ ಒತ್ತು ಹಲವು ಸಲ ಬೆರಳಿಗೆ ತಿಳಿಯುತ್ತದೆ. ಮರುಮುದ್ರಣದ ಆಫ್‌ಸೆಟ್ ಪುಟ ನುಣುಪು.

ತಾಳೆಗರಿಗಳನ್ನು ಪಟ್ಟಿಗೆ ಸೇರಿಸುವುದಿಲ್ಲ. ವಾಚನಾಲಯದ ಮುದ್ರೆಯಿದ್ದರೆ ಪುಸ್ತಕ ಹೇಗೆ ಹೊರಬಂತೆಂದು ತಿಳಿಯುವವರೆಗೆ ಅದನ್ನೂ ಸೇರಿಸುವುದಿಲ್ಲ.

ಬರೆದ ಗುರುತುಗಳನ್ನು ಮಾತ್ರ ಮೊದಮೊದಲು ನಾನು ಕುಂದೆಂದೇ ಎಣಿಸಿ ಬೆಲೆ ಇಳಿಸುತ್ತಿದ್ದೆ. ಬದಿಯಡ್ಕದ ಆ ಪೆಟ್ಟಿಗೆ ನನ್ನ ಎಣಿಕೆಯನ್ನು ಬದಲಾಯಿಸಿತು. ಒಂದು ಪ್ರಸಂಗದ ಪುಟಪುಟದಲ್ಲೂ ಪೆನ್ಸಿಲಿನ ಬರಹವಿತ್ತು: ಅಚ್ಚಾದ ರಾಗವನ್ನು ಹೊಡೆದು ಬದಿಗೆ ಬೇರೆ ರಾಗ, ಬಿಡಬೇಕಾದ ಪದ್ಯಗಳಿಗೆ ಗೆರೆ, ಒಂದು ಕಡೆ ‘ಇಲ್ಲಿಗೆ ಬೆಳಗು’. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಒಬ್ಬ ಭಾಗವತರು ಇಡೀ ರಾತ್ರಿಯ ಆಟವನ್ನು ಹೇಗೆ ನಡೆಸಿದರೆಂಬುದಕ್ಕೆ ಇದಕ್ಕಿಂತ ಹತ್ತಿರದ ದಾಖಲೆ ನನ್ನ ಕೈಗೆ ಬಂದಿಲ್ಲ. ಆ ಗುರುತುಗಳ ಬಗ್ಗೆಯೇ ಪಟ್ಟಿಯಲ್ಲಿ ಹನ್ನೆರಡು ಸಾಲು ಬರೆದು, ಭಾಗವತರ ಹೆಸರನ್ನು ಹಾಕಬಹುದೇ ಎಂದು ಮನೆಯವರನ್ನು ಕೇಳಿದೆ. ಮೊಮ್ಮಗಳು ಫೋನ್ ಮಾಡಿದಳು. “ಹೆಸರು ಹಾಕಿ ಮಾವ. ಮಾರುವ ಮೊದಲು ಆ ಪುಟಗಳ ಫೋಟೋ ಕಳುಹಿಸಿ, ಅಜ್ಜನ ಅಕ್ಷರ ನಮ್ಮಲ್ಲಿ ಬೇರೆ ಇಲ್ಲ” ಎಂದಳು. ಅರುವತ್ತೆರಡು ಪುಟಗಳನ್ನೂ ತೆಗೆದು ಕಳುಹಿಸಿದೆ.