ಚೀಲಕ್ಕೆರಡು ಪುಸ್ತಕ: ಓದುಗರಿಗೆ ಪುಸ್ತಕ ಆರಿಸಿ ಕೊಡುವಲ್ಲಿ ನನ್ನ ಅನುಭವ

ಪುಸ್ತಕ ಬಾಡಿಗೆಗೆ ಕೊಡುವವರು, ಶಾಲೆಯ ಲೈಬ್ರರಿ ಕಪಾಟಿನ ಬೀಗದ ಕೈ ಇಟ್ಟುಕೊಂಡ ಮೇಷ್ಟ್ರುಗಳು, ಹಳೇ ಪುಸ್ತಕದ ಅಂಗಡಿಯವರು. ನಮ್ಮ ಕಡೆ ಇಂಥವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಸಾಗರದ ನನ್ನ ಪುಟ್ಟ ಲೈಬ್ರರಿಯಲ್ಲಿ "ಬಿಡಿ ಪುಸ್ತಕ ಇಲ್ಲ, ಜೋಡಿ ಮಾತ್ರ" ಅಂತ ಬೋರ್ಡ್ ಹಾಕಿದಾಗ ಇವರಲ್ಲಿ ಬಹಳ ಜನ ನಕ್ಕಿದ್ದರು. ಶಿವಮೊಗ್ಗದ ಒಬ್ಬ ಸ್ನೇಹಿತರು, "ಮಾರಾಯ್ತಿ, ಕೊಟ್ಟ ಒಂದು ಪುಸ್ತಕ ವಾಪಸ್ ಬರೋದೇ ಕಷ್ಟ. ನೀನು ಎರಡು ಕೊಟ್ಟು ಕಳಿಸ್ತೀಯಾ?" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಜೋಡಿಗಳ ಪಟ್ಟಿ ಕೇಳುತ್ತಿದ್ದಾರೆ. ಪೂರ್ತಿ ಪಟ್ಟಿ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹೇಗೆ ಮಾಡಿದೆ ಅಂತ ಮಾತ್ರ ಹೇಳುತ್ತೇನೆ.

ಮೊದಲು ಕೈಕೊಟ್ಟ ಉಪಾಯಗಳು. "ಓದಲೇಬೇಕಾದ ನೂರು ಪುಸ್ತಕ" ಅಂತ ಚಂದದ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ಮೊಬೈಲಲ್ಲಿ ಫೋಟೋ ಹೊಡೆದುಕೊಂಡು ಹೋದರು. ಪುಸ್ತಕ ತೆಗೆದುಕೊಂಡವರು ನಾಲ್ಕೋ ಐದೋ ಜನ. ಆಮೇಲೆ ಮಕ್ಕಳ ಕಪಾಟನ್ನು ವಯಸ್ಸಿನ ಲೆಕ್ಕದಲ್ಲಿ ಮೂರು ಭಾಗ ಮಾಡಿದೆ. ಐದು ವರ್ಷದ ಮಗುವಿನ ತಾಯಿ ನೇರ ಎಂಟು ವರ್ಷದವರ ಸಾಲಿಗೆ ಕೈ ಹಾಕುತ್ತಿದ್ದರು. "ನಮ್ಮವಳು ಓದೋದ್ರಲ್ಲಿ ಮುಂದೆ ಇದ್ದಾಳೆ, ಅಕ್ಕಾ." ಆ ಪುಸ್ತಕ ಹೋದ ಹಾಗೇ ಬರುತ್ತಿತ್ತು. ಪ್ರಥಮ್ ಬುಕ್ಸ್‌ನವರು ಒಂದರಿಂದ ನಾಲ್ಕರವರೆಗೆ ಓದುವ ಹಂತ ಹಾಕಿರುತ್ತಾರಲ್ಲ, ಒಳ್ಳೆಯ ಉದ್ದೇಶದ್ದೇ ಅದು. ಆದರೆ ನಮ್ಮ ಅಪ್ಪ-ಅಮ್ಮಂದಿರು ಅದನ್ನು ಮಾರ್ಕ್ಸ್ ಕಾರ್ಡ್ ಥರ ನೋಡುತ್ತಾರೆ. ಈಗ ಆ ಅಂಕಿಯ ಮೇಲೆ ಸರಿಯಾಗಿ ಕೂರುವ ಹಾಗೆ ನನ್ನ ಲೈಬ್ರರಿಯ ಸ್ಟಿಕ್ಕರ್ ಹಚ್ಚಿಬಿಟ್ಟಿದ್ದೇನೆ. ಕಿರಿಕಿರಿ ಅರ್ಧಕ್ಕರ್ಧ ಕಡಿಮೆ ಆಯಿತು.

ಎಲ್ಲಕ್ಕಿಂತ ದುಡ್ಡು ತಿಂದಿದ್ದು ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕಗಳು. ಒಂದೊಂದಕ್ಕೆ ಮುನ್ನೂರೈವತ್ತು, ನಾನೂರು. ಹಲ್ಲು ಬರುವ ಮಕ್ಕಳ ಬಾಯಿಗೆ ಸಿಕ್ಕಿ ಎರಡು ತಿಂಗಳಲ್ಲಿ ಮೂಲೆ ಎಲ್ಲ ಮೆತ್ತಗಾದವು. ಹತ್ತು ಹನ್ನೆರಡು ಸಾವಿರ ಅಲ್ಲೇ ಹೋಗಿರಬೇಕು. ಅದೇ ದುಡ್ಡಿಗೆ ನ್ಯಾಷನಲ್ ಬುಕ್ ಟ್ರಸ್ಟ್‌ನದೋ ಪ್ರಥಮ್‌ನದೋ ಕನ್ನಡ ಪುಸ್ತಕಗಳು ಒಂದು ಕಪಾಟು ತುಂಬುತ್ತವೆ. ಹರಿದರೂ ಹೊಟ್ಟೆ ಉರಿಯುವುದಿಲ್ಲ.

ಜೋಡಿ ಅಂದರೆ ಇಷ್ಟೇ. ಮನೆಗೊಂದು ಬಟ್ಟೆ ಚೀಲ. ಅದರಲ್ಲಿ ದೊಡ್ಡವರಿಗೊಂದು ಪುಸ್ತಕ, ಮಗುವಿಗೊಂದು. ಎರಡರ ನಡುವೆ ಒಂದು ಎಳೆ ಇರಬೇಕು. ಒಂದೇ ಊರು, ಒಂದೇ ಹೊಳೆ, ಒಂದೇ ನಾಯಿ, ಏನಾದರೂ ಸರಿ. ಎಳೆ ಯಾವುದು ಅಂತ ನಾನು ಬಾಯಿ ಬಿಡುವುದಿಲ್ಲ. ಮನೆಯವರೇ ಹುಡುಕಿ, ವಾಪಸ್ ಕೊಡುವಾಗ ಹೇಳಬೇಕು. ಮಗು ಎರಡೇ ದಿನಕ್ಕೆ ಓದಿ ಮುಗಿಸಿ "ನಿನ್ನ ಪುಸ್ತಕದಲ್ಲಿ ಏನಿದೆ, ಹೇಳು" ಅಂತ ಬೆನ್ನು ಬೀಳುತ್ತದೆ. ದೊಡ್ಡವರಿಗೆ ಓದದೆ ಬೇರೆ ದಾರಿ ಇಲ್ಲ.

ಉದಾಹರಣೆಗೆ ತೇಜಸ್ವಿಯವರ ಜೋಡಿ. ಅಪ್ಪನಿಗೆ 'ಕರ್ವಾಲೊ', ಹತ್ತು ದಾಟಿದ ಮಗನಿಗೋ ಮಗಳಿಗೋ 'ಪರಿಸರದ ಕತೆ'. ಕಿವಿ ಅನ್ನುವ ನಾಯಿ ಎರಡರಲ್ಲೂ ಬರುತ್ತದೆ. ಇದು ನನ್ನ ಲೈಬ್ರರಿಯಲ್ಲಿ ಕೂರುವುದೇ ಇಲ್ಲ. ಒಂದು ಮನೆಯಿಂದ ಬಂದರೆ ಇನ್ನೊಂದಕ್ಕೆ ಹೋಗುತ್ತದೆ. 'ಕರ್ವಾಲೊ' 1980ರದ್ದು. ಆದರೂ ಹಾರುವ ಓತಿಯ ಹಿಂದೆ ಕಾಡಿಗೆ ಹೊರಡುವ ಆ ಗುಂಪಿನ ಕತೆ ಓದಿ, ಪುಸ್ತಕ ಕಂಡರೆ ಆಗದ ಗಂಡಸರೂ "ಇದೇ ಥರದ್ದು ಇನ್ನೊಂದು ಕೊಡಿ" ಅಂತ ಬಂದಿದ್ದಾರೆ.

ನಮ್ಮ ಊರಿಗೆ ಹೇಳಿ ಮಾಡಿಸಿದ ಜೋಡಿ ನಾ. ಡಿಸೋಜ ಅವರದ್ದು. ದೊಡ್ಡವರಿಗೆ 'ದ್ವೀಪ', ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು'. ಮಕ್ಕಳದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಆದರೆ ಪ್ರಶಸ್ತಿ ಹೆಸರು ಹೇಳಿ ನಾನು ಯಾರಿಗೂ ಪುಸ್ತಕ ದಾಟಿಸುವುದಿಲ್ಲ. ಎರಡೂ ಅಣೆಕಟ್ಟಿನ ನೀರಿಗೆ ಊರು ಮುಳುಗಿದವರ ಕತೆ. ನಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಹಿನ್ನೀರಿಗೆ ಜಮೀನು ಬಿಟ್ಟು ಬಂದ ಅಜ್ಜ-ಅಜ್ಜಿಯರು ಇಲ್ಲಿ ಎಷ್ಟೋ ಮನೆಗಳಲ್ಲಿ ಇದ್ದರು, ಕೆಲವು ಮನೆಗಳಲ್ಲಿ ಈಗಲೂ ಇದ್ದಾರೆ.

ಒಬ್ಬ ತೋಟದವರ ವಿಷಯ ಹೇಳಬೇಕು. ಅವರು 'ಮಲೆಗಳಲ್ಲಿ ಮದುಮಗಳು' ಒಯ್ದು, ತಿಂಗಳು ಬಿಟ್ಟು ತಂದು, ಮತ್ತೆ ಒಯ್ದು, ಮತ್ತೆ ತರುತ್ತಿದ್ದರು. ಓದಿದ್ದೀರಾ ಅಂದರೆ "ಓದ್ತಾ ಇದ್ದೇನೆ" ಅನ್ನುವುದು. ಪುಸ್ತಕದ ಬದಿ ನೋಡಿದರೆ ನಿಜ ಗೊತ್ತಾಗುತ್ತದಲ್ಲ? ಬೆರಳು ಆಡಿದಷ್ಟು ಭಾಗದ ಅಂಚು ಮಂಕಾಗಿರುತ್ತದೆ, ಮುಂದಿನದು ಬೆಳ್ಳಗೆ ಇರುತ್ತದೆ. ಅವರ ಪ್ರತಿಯಲ್ಲಿ ಮಂಕು ಐವತ್ತು ಅರವತ್ತನೇ ಪುಟದ ಹತ್ತಿರ ನಿಂತಿತ್ತು, ಅಲ್ಲೇ ಅಡಿಕೆ ಚೊಗರಿನ ಒಂದು ಕಂದು ಬೆರಳಚ್ಚು. ಅವರಿಗೆ ಕುವೆಂಪು ಬಿಡಿಸಿ 'ದ್ವೀಪ' ಕೊಟ್ಟೆ. ಆರನೇ ಕ್ಲಾಸಿನ ಮಗಳಿಗೆ 'ಮುಳುಗಡೆಯ ಊರಿಗೆ ಬಂದವರು'. ವಾರದೊಳಗೆ ಇಬ್ಬರೂ ಬಂದರು. ಮಗಳು ಕೌಂಟರಿನ ಮೇಲೆ ಚೀಲ ಇಟ್ಟು, "ಎಳೆ ಅಂದ್ರೆ ನೀರು, ಅಲ್ವಾ ಆಂಟಿ?" ಅಂದಳು. ಅಪ್ಪ ಪಕ್ಕದಲ್ಲಿ ನಿಂತು, "ನಮ್ಮ ದೊಡ್ಡಪ್ಪನ ಮನೆನೂ ಹಿಂಗೇ ಹೋಗಿದ್ದು" ಅಂತ ಅರ್ಧ ಗಂಟೆ ಮಾತಾಡಿದರು. ಅಡಿಕೆ ಗೊನೆ ಕೊಯ್ಯುವ ಸಮಯದಲ್ಲಿ ಬೆಳೆಗಾರರು ಅರ್ಧ ಗಂಟೆ ಸುಮ್ನೆ ನಿಲ್ಲುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಗೊತ್ತು.

'ಮದುಮಗಳು' ಆಮೇಲೆ ಅವರು ಮುಗಿಸಿದರು. ಅದಕ್ಕೂ ಒಂದು ಉಪಾಯ ಇದೆ. ಏಳುನೂರು ಪುಟದ ಹತ್ತಿರದ ಆ ಕಾದಂಬರಿಯನ್ನು ಜನ ಬಿಡುವುದು ಭಾಷೆಗಲ್ಲ, ಹೆಸರುಗಳಿಗೆ. ಹಳೆಮನೆ ಯಾವುದು, ಬೆಟ್ಟಳ್ಳಿ ಯಾವುದು, ಸಿಂಬಾವಿ ಯಾರದು ಅಂತ ತಲೆ ಕೆಡುತ್ತದೆ. ಒಂದು ರಟ್ಟಿನ ಚೀಟಿಯಲ್ಲಿ ಮನೆ ಮನೆಗೆ ಯಾರು ಯಾರು ಅಂತ ಬರೆದು ಪುಟದ ಗುರುತಿಗೆ ಇಟ್ಟೆ. ಬಾಯಲ್ಲಿ ಹೇಳಿದ್ದು ಇಷ್ಟೇ: "ಗುತ್ತಿ ಮತ್ತೆ ಅವನ ನಾಯಿ ಹುಲಿಯನ ಹಿಂದೆ ಹೋಗಿ. ಮಿಕ್ಕವರು ತಾವಾಗೇ ಸಿಗ್ತಾರೆ." ಇದರ ಜೊತೆ ಮಗುವಿಗೆ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಎಳೆ ಕುವೆಂಪು ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತುಂಗಾ ಹೊಳೆ ಅಂದವರಿಗೆ ಮಾತ್ರ ಒಂದು ವಾರ ಬಾಡಿಗೆ ಮಾಫಿ.

ಇನ್ನು ಎಳೆ ಮಕ್ಕಳ ತಾಯಂದಿರು. ಇವರಿಗೆ ದಪ್ಪ ಪುಸ್ತಕ ಕೊಡಲೇಬಾರದು. ಹಾಲು ಕುಡಿಸುವಾಗ ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಪುಟ ಬಿಡಿಸಲು ಆಗಬೇಕು. ನಾನು ಹಾಗೆ ಹಿಡಿದು ನೋಡಿಯೇ ಕೊಡುವುದು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಈ ಪರೀಕ್ಷೆಯಲ್ಲಿ ಪಾಸು. ಒಂದು ಮನೆ, ಒಂದಿಷ್ಟು ದುಡ್ಡು, ಒಂದಿಷ್ಟು ಇರುವೆ. ಎರಡು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಮುಗಿಸಿದವರಿಗೆ ಮತ್ತೆ ಓದುವ ಧೈರ್ಯ ಬರುತ್ತದೆ. ಮೂರು ವರ್ಷದ ಮಗುವಿಗಾದರೆ ತೂಲಿಕಾದವರ 'ಗಜಪತಿ ಕುಲಪತಿ'. ಆನೆಗೆ ನೆಗಡಿ ಆಗಿ ಸೀನುವ ಕತೆ. ಸೀನು ಬಂದ ಪುಟದಲ್ಲಿ ಓದುವವರು ಜೋರಾಗಿ ಸೀನಲೇಬೇಕು ಅಂತ ಷರತ್ತು ಹಾಕಿ ಕಳಿಸುತ್ತೇನೆ. ಈ ಎರಡಕ್ಕೆ ಎಳೆ ಏನು ಅಂತ ಕೇಳಬೇಡಿ. ಇದೊಂದರಲ್ಲಿ ಎಳೆ ಇಲ್ಲ. ತಾಯಿ-ಮಗು ಇಬ್ಬರಿಗೂ ಕೂತಲ್ಲೇ ಓದಲು ಆಗುವ ಪುಸ್ತಕ, ಅಷ್ಟೇ.

ಅಜ್ಜಿಯಂದಿರಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಜೊತೆಗೆ ಮೊಮ್ಮಕ್ಕಳಿಗೆ ಓದಿ ಹೇಳಲು ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'. ತಿಂಗಳಿಗೊಂದರಂತೆ ಹನ್ನೆರಡು ಸಂಪುಟ. ನಾನು ಎಲ್ಲ ಒಟ್ಟಿಗೆ ಕೊಡುವುದಿಲ್ಲ. ಆಯಾ ತಿಂಗಳಿನದು ಆಯಾ ತಿಂಗಳು ಮಾತ್ರ. ಹೀಗಾಗಿ ಆ ಮನೆಯವರು ವರ್ಷಪೂರ್ತಿ ಸದಸ್ಯರಾಗಿ ಉಳಿಯುತ್ತಾರೆ. ವ್ಯಾಪಾರ ಅಂದರೆ ವ್ಯಾಪಾರವೇ.

ಜೋಡಿ ಹೊಂದಿಸುವ ಮೊದಲು ಏನು ಕೇಳುತ್ತೇನೆ ಅನ್ನುವುದೇ ಅಸಲು ವಿಷಯ. "ಯಾವ ಥರದ ಪುಸ್ತಕ ಇಷ್ಟ?" ಅಂತ ಕೇಳಿದರೆ ಎಲ್ಲರೂ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ನಾನು ಕೇಳುವುದು, "ಕೊನೇ ಸಲ ಯಾವ ಪುಸ್ತಕ ಅರ್ಧಕ್ಕೆ ಬಿಟ್ರಿ?" ಮೊದಲು ನಾಚಿಕೆ ಪಡುತ್ತಾರೆ. ಆಮೇಲೆ ಸರಾಗವಾಗಿ ಹೇಳುತ್ತಾರೆ. ಎಲ್ಲಿ ಬಿಟ್ಟರು ಅಂತ ಗೊತ್ತಾದರೆ ಏನು ಕೊಡಬಾರದು ಅಂತ ಗೊತ್ತಾಯಿತು. ಮಕ್ಕಳಿಗೆ ಕೇಳುವುದೇ ಇಲ್ಲ. ಮೂರು ಪುಸ್ತಕ ಕೈಗೆ ಕೊಟ್ಟು ಬೇರೆ ಕೆಲಸ ಮಾಡುವವಳ ಹಾಗೆ ನಟಿಸುತ್ತೇನೆ. ಯಾವುದರಲ್ಲಿ ಪುಟ ಹಿಂದಕ್ಕೆ ತಿರುಗಿಸಿತೋ ಅದು ಆ ಮಗುವಿನ ಪುಸ್ತಕ. ಮುಂದಕ್ಕೆ ಎಲ್ಲರೂ ತಿರುಗಿಸುತ್ತಾರೆ. ಆ ಮೂರರಲ್ಲಿ ಒಂದು ಬೇಕಂತಲೇ ಇಟ್ಟ ಪುಸ್ತಕ. ಅದು ಯಾವುದು, ಯಾಕೆ ಅನ್ನುವುದು ನನ್ನ ಹತ್ತಿರವೇ ಇರಲಿ.

"ನೀತಿ ಇರುವ ಪುಸ್ತಕ ಕೊಡಿ" ಅನ್ನುವ ಪೋಷಕರು ಜಾಸ್ತಿ. ಅವರಿಗೆ ಪಂಜೆಯವರದ್ದೋ ರಾಜರತ್ನಂ ಅವರದ್ದೋ ಪದ್ಯಗಳ ಪುಸ್ತಕ ಕೊಟ್ಟು, "ಇದರಲ್ಲಿ ಬೇಕಾದಷ್ಟು ಇದೆ" ಅನ್ನುತ್ತೇನೆ. ಸುಳ್ಳೇನಲ್ಲ.

ಮಳೆಗಾಲದ ಗೋಳು ಮಲೆನಾಡಿನ ಲೈಬ್ರರಿಯವರಿಗೆ ಹೇಳಬೇಕಾಗಿಲ್ಲ. ಬೂಷ್ಟು ಹಿಡಿದ ಪುಸ್ತಕವನ್ನು ಯಾವ ತಾಯಿಯೂ ಮಗುವಿನ ಕೈಗೆ ಕೊಡುವುದಿಲ್ಲ. ಕಪಾಟಿನೊಳಗೆ ಬಲ್ಬ್ ಉರಿಸಿ ನೋಡಿದೆ. ಕರೆಂಟೇ ಇಲ್ಲದ ಜುಲೈಯಲ್ಲಿ ಅದೇನು ಪ್ರಯೋಜನ? ಬಜೆ ಬೇರಿನ ಚೂರು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಹುಳ ಕಡಿಮೆ, ಬೂಷ್ಟು ಹಾಗೇ. ಕೊನೆಗೆ ಸಿಕ್ಕ ಪರಿಹಾರ ಬಹಳ ಸುಲಭದ್ದು. ಜೂನ್‌ನಿಂದ ಮೂರು ತಿಂಗಳು ಚೀಲಕ್ಕೆ ಎರಡರ ಬದಲು ನಾಲ್ಕು ಪುಸ್ತಕ ಹಾಕಿ ಕಳಿಸುತ್ತೇನೆ. ಒಲೆ ಉರಿಯುವ, ಜನ ಓಡಾಡುವ ಮನೆಗಳಲ್ಲಿ ಅವು ನನ್ನ ಮುಚ್ಚಿದ ಕಪಾಟಿಗಿಂತ ಬೆಚ್ಚಗೆ ಇರುತ್ತವೆ. ಬೈಂಡಿಂಗ್ ಮಾಡುವವರು ಹುಳ ಹಿಡಿಯದಿರಲಿ ಅಂತ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಅದು ವಿಷ. ಬಾಯಿಗೆ ಹಾಕುವ ಮಕ್ಕಳ ಪುಸ್ತಕಕ್ಕೆ ಅದು ಬೇಡವೇ ಬೇಡ. ಅವನ್ನು ನಾನೇ ದಾರದಲ್ಲಿ ಹೊಲಿಯುತ್ತೇನೆ.

ಅಡ್ಡ ಪ್ರಯೋಗಗಳೂ ನಡೆದವು. ಹೆಸರು ಕಾಣದ ಹಾಗೆ ಪುಸ್ತಕಕ್ಕೆ ಖಾಕಿ ಕಾಗದ ಸುತ್ತಿ ಕೊಟ್ಟೆ. ಹೆಂಗಸರು ಖುಷಿಯಿಂದ ಒಯ್ದರು. ಗಂಡಸರು ಅಲ್ಲೇ ಬಿಚ್ಚಿ ನೋಡಿ ಇಟ್ಟು ಹೋದರು. ಮೊದಲ ಪುಟ ಓದಿ ವಾಟ್ಸಾಪಿನಲ್ಲಿ ದನಿ ಕಳಿಸುವುದು ಮಾತ್ರ ಚೆನ್ನಾಗಿ ನಡೆಯುತ್ತಿದೆ. ವಾಕ್ಯದ ನಡುವೆ ನಿಲ್ಲಿಸಬೇಕು, ಪೂರ್ತಿ ಮಾಡಬಾರದು. ಮಗ-ಸೊಸೆ ಅಮೆರಿಕದಲ್ಲಿರುವ ಕೆಲವು ಅಜ್ಜ-ಅಜ್ಜಿಯರಿಗೆ ಪ್ರಥಮ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ತೋರಿಸಿಕೊಟ್ಟೆ. ಅಲ್ಲಿ ಕನ್ನಡ ಚಿತ್ರಕತೆಗಳು ಪುಕ್ಕಟೆ. ಇಲ್ಲಿ ಅಜ್ಜ ಒಂದು ಫೋನಿನಲ್ಲಿ ಪುಟ ತೆರೆದು ಇನ್ನೊಂದರಲ್ಲಿ ವಿಡಿಯೋ ಕಾಲ್ ಮಾಡುತ್ತಾರೆ. ಅಲ್ಲಿ ಮಗು ಅದೇ ಪುಟ ನೋಡುತ್ತದೆ. ನನಗೆ ಇದರಿಂದ ಒಂದು ಪೈಸೆ ಇಲ್ಲ. ಆದರೆ ಆ ಅಜ್ಜಂದಿರು ತಮಗೆ ಅಂತ ಪುಸ್ತಕ ಒಯ್ಯುತ್ತಾರೆ.

ಈಗ ಲೆಕ್ಕ. ಮೊದಲು ತಿಂಗಳಿಗೆ ಅರವತ್ತು ರೂಪಾಯಿ ಇತ್ತು. ಜೋಡಿಗೆ ನೂರಿಪ್ಪತ್ತು ಮಾಡಿದಾಗ ತೊಂಬತ್ತರಷ್ಟಿದ್ದ ಮನೆಗಳು ಬಹಳ ಕಡಿಮೆ ಆದವು. ಆರೇಳು ತಿಂಗಳು ಅಂಗಡಿ ಬಾಡಿಗೆಯನ್ನು ಕೈಯಿಂದ ಕಟ್ಟಿದೆ. ಮನೆಯಲ್ಲಿ ಮಾತು ಕೇಳಿದೆ. ಈಗ ನೂರೆಂಬತ್ತು ಮನೆ ಇರಬಹುದು. ಠೇವಣಿ ಐನೂರು, ಅದರಲ್ಲಿ ರಿಯಾಯಿತಿ ಇಲ್ಲ. ಪುಕ್ಕಟೆ ಕೊಟ್ಟ ಪುಸ್ತಕ ಹಿಂದಿರುಗಿದ್ದು ನಾನು ಕಂಡಿಲ್ಲ. ಚೀಲ ದರ್ಜಿ ಅಂಗಡಿಯ ಉಳಿದ ಬಟ್ಟೆಯದು, ಒಂದಕ್ಕೆ ಇಪ್ಪತ್ತೈದು ಬೀಳುತ್ತದೆ. ಚೀಲ ಇರುವುದರಿಂದಲೇ ಎರಡೂ ಒಟ್ಟಿಗೆ ವಾಪಸ್ ಬರುತ್ತವೆ. ಶಿವಮೊಗ್ಗದ ಸ್ನೇಹಿತರಿಗೆ ಇದು ಹೊಳೆದಿರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಅವರ ಕತೆಗಳ ನಾಲ್ಕು ಪ್ರತಿ ತರಿಸಿದೆ. ತಿಂಗಳುಗಟ್ಟಲೆ ಒಂದೂ ಕೈಗೆ ಸಿಗಲಿಲ್ಲ. ಅದರ ಜೊತೆ ಮಕ್ಕಳಿಗೆ ಏನು ಕೊಟ್ಟೆ ಅನ್ನುವುದನ್ನು ಕೇಳುವವರು ಅಂಗಡಿಗೇ ಬರಲಿ, ಚಹಾ ಕೊಟ್ಟು ಹೇಳುತ್ತೇನೆ.

ಬಗೆಹರಿಯದೆ ಉಳಿದಿರುವುದು ಹನ್ನೆರಡರಿಂದ ಹದಿನೈದರ ಹುಡುಗರು. ಅಪ್ಪ-ಅಮ್ಮನ ಜೊತೆ ಒಂದೇ ಚೀಲ ಅಂದರೆ ಅವರಿಗೆ ಅವಮಾನ. ಎಳೆ ಹುಡುಕು ಅಂದರೆ ಹೋಂವರ್ಕ್ ಅನ್ನುತ್ತಾರೆ. ಕೆನ್ನೆತ್ ಆಂಡರ್ಸನ್ ಅವರ ಕಾಡಿನ ಕತೆಗಳ ತೇಜಸ್ವಿ ಅನುವಾದ ಒಂದಿಷ್ಟು ದಿನ ಎಳೆಯುತ್ತದೆ. ಸಂಪುಟಗಳು ಮುಗಿದ ಮೇಲೆ ಮತ್ತೆ ಮೊಬೈಲ್. ಅಣ್ಣ-ತಮ್ಮ ಜೋಡಿ ಮಾಡಿ, ಅಪ್ಪನನ್ನು ಹೊರಗಿಟ್ಟು ನೋಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಈ ವಯಸ್ಸಿಗೆ ಹಿಡಿಸುವ ಕನ್ನಡ ಪುಸ್ತಕ ಸಿಕ್ಕಿದ್ದರೆ ಹೇಳಿ, ಬದಲಿಗೆ ನನ್ನ ಪಟ್ಟಿಯಿಂದ ಎರಡು ಜೋಡಿ ಕೊಡುತ್ತೇನೆ. ಜನರಲ್ ನಾಲೆಡ್ಜ್ ಪುಸ್ತಕ ಮಾತ್ರ ಕಳಿಸಬೇಡಿ, ಅಂಥವು ಎರಡು ಪೆಟ್ಟಿಗೆ ಈಗಾಗಲೇ ಇವೆ.