ಎಂಟು ರಗ್ಬಿ ತಂಡ, ಒಂದೇ ಮೈದಾನ, ಒಂದೇ ದಿನ

ಮಂಡ್ಯ ಕಡೆ ರಗ್ಬಿ ಟೂರ್ನಿ ಮಾಡ್ತೀನಿ ಅಂದಾಗ ಬೆಂಗಳೂರಿನ ಹಳೇ ಜೊತೆಗಾರರೇ ನಕ್ಕಿದ್ದರು. ಕಬಡ್ಡಿ ಹುಡುಗರನ್ನು ಆಡಿಸ್ತೀನಿ ಅಂದಾಗ ಇನ್ನೂ ಜಾಸ್ತಿ ನಕ್ಕರು. ಈ ಸಲ ಎಂಟು ತಂಡ ಬಂದವು. ಕತ್ತಲಾಗುವ ಮೊದಲು ಕಪ್ ಕೊಟ್ಟೆವು. ಯಾರಿಗೂ ಬಾಕಿ ಉಳಿಯಲಿಲ್ಲ. ಈಗ ನಗಲಿ ನೋಡೋಣ.

ನಾನು ಹತ್ತು ಹನ್ನೆರಡು ವರ್ಷ ಕ್ಲಬ್‌ಗೆ ಹುಕರ್ ಆಗಿ, ಅಂದರೆ ಮುಂದಿನ ಸಾಲಿನ ನಡುವೆ ನಿಂತು ತಳ್ಳುವವನಾಗಿ, ಆಡಿದವನು. ಬೂಟು ನಮ್ಮದೇ, ಬಸ್ ಚಾರ್ಜೂ ನಮ್ಮದೇ. ಭುಜ ಕೈಕೊಟ್ಟ ಮೇಲೆ ಊರಿಗೆ ಬಂದೆ. ಯಾರೂ ಒಪ್ಪದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ಹದಿನೈದು ಜನರ ಆಟವನ್ನೇ ಇಟ್ಟೆವು. ಪಂದ್ಯಕ್ಕೆ 80 ನಿಮಿಷ, ಬದಲಿಯವರೂ ಸೇರಿ ತಂಡಕ್ಕೆ 23 ಜನ. ಒಂದು ತಂಡವನ್ನು ದಿನಕ್ಕೆ ಎರಡು ಸಲ ಇಳಿಸೋಕಾಗಲ್ಲ, ಅಲ್ವಾ? ಹಾಗಾಗಿ ಒಂದೇ ದಿನಕ್ಕೆ ಮುಗಿಯಲ್ಲ, ಛತ್ರ, ಚಾಪೆ, ಮೂರು ಹೊತ್ತಿನ ಊಟ ಬೇಕಾಯಿತು. ಬ್ಯಾನರ್ ಪ್ರಿಂಟ್ ಆದ ಮೇಲೆ ಪ್ರಾಯೋಜಕರು ಫೋನ್ ಎತ್ತುವುದನ್ನೇ ಬಿಟ್ಟರು. ಖರ್ಚು ಒಂದೂವರೆ ಲಕ್ಷ ದಾಟಿತ್ತು. ಅರ್ಧದಷ್ಟು ನಮ್ಮ ಮನೆಯವಳ ಚೀಟಿ ದುಡ್ಡು. ಕಲ್ಕತ್ತೆಯ ರಗ್ಬಿ ಕ್ಲಬ್ಬಿನವರು 1878ರಲ್ಲಿ ಬಾಗಿಲು ಹಾಕುವಾಗ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಕಪ್ ಮಾಡಿಸಿದ್ದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಅದಕ್ಕೇ ಆಡುತ್ತವೆ. ನಮ್ಮ ಖಾತೆಯಲ್ಲಿ ಒಂದು ಚಮಚಕ್ಕೂ ಗತಿ ಇರಲಿಲ್ಲ.

ಆಮೇಲೆ ಸೆವೆನ್ಸ್‌ಗೆ, ಅಂದರೆ ಏಳೇ ಜನ ಆಡುವ ರಗ್ಬಿಗೆ ಬಂದೆ. ಏಳು ಏಳು ನಿಮಿಷದ ಎರಡು ಅರ್ಧ, ನಡುವೆ ಎರಡು ನಿಮಿಷ ಬಿಡುವು. ಪಂದ್ಯಕ್ಕೆ 20 ನಿಮಿಷ ಹಿಡಿದರೆ ಗಂಟೆಗೆ ಮೂರು. ಎರಡು ಗುಂಪು ಅಂದರೆ 12 ಲೀಗ್ ಪಂದ್ಯ, ಎರಡು ಸೆಮಿ, ಫೈನಲ್. ಒಟ್ಟು ಐದು ಗಂಟೆ. ತಂಡಕ್ಕೆ 12 ಜನ, ಒಂದು ಟೆಂಪೊ ಟ್ರಾವೆಲರ್ ಸಾಕು, ರಾತ್ರಿ ಊಟಕ್ಕೆ ಅವರವರ ಮನೆ. ಈ ಸಲದ ಖರ್ಚು 55-60 ಸಾವಿರ ಇರಬೇಕು. ಅದರಲ್ಲಿ ಮೊದಲು ಎತ್ತಿಟ್ಟಿದ್ದು ಆಂಬ್ಯುಲೆನ್ಸ್ ದುಡ್ಡು. ಯಾವ ತಂಡಕ್ಕೂ ಬೆನ್ನು ಬೆನ್ನಿಗೆ ಪಂದ್ಯ ಬೀಳದ ಹಾಗೆ ಪಟ್ಟಿ ಹಾಕೋಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನ ಜೇಬಲ್ಲೇ ಇರಲಿ.

ಇನ್ನು ಕಬಡ್ಡಿ ಹುಡುಗರು. ಪಿಟಿ ಮೇಷ್ಟ್ರೊಬ್ಬರು, 'ಸಾರ್, ಕೈಕಾಲು ಮುರಿದ್ರೆ ಅವರ ಅಪ್ಪ ಅಮ್ಮಂಗೆ ಏನು ಹೇಳ್ಲಿ?' ಅಂದರು. ನ್ಯಾಯವಾದ ಪ್ರಶ್ನೆ. ಆದರೆ ಈ ಹುಡುಗರು ತೊಡೆ, ಕಣಕಾಲಿಗೇ ಕೈ ಹಾಕುತ್ತಾರೆ. ಕುತ್ತಿಗೆಗೆ ಹೋಗುವ ಅಪಾಯದ ಚಾಳಿ ಜಿಮ್ ಹುಡುಗರದ್ದು. ಎದುರಾಳಿಯನ್ನು ಕೆಡವುವಾಗ ತಮ್ಮ ತಲೆ ಎಲ್ಲಿರಬೇಕು ಅಂತ ಮಾತ್ರ ವಾರಗಟ್ಟಲೆ ತಿದ್ದಬೇಕಾಯಿತು. ಅದಕ್ಕಿಂತ ದೊಡ್ಡ ತಲೆನೋವು ಅಂದರೆ, ಹಿಡಿದವನನ್ನು ಬಿಡೋದನ್ನು ಕಲಿಸುವುದು. ಕಬಡ್ಡಿಯಲ್ಲಿ ಹಿಡಿದವನು ಬಿಟ್ಟರೆ ಪಾಯಿಂಟ್ ಹೋಯ್ತು. ಇಲ್ಲಿ ಕೆಡವಿದ ಕೂಡಲೇ ಬಿಡದಿದ್ದರೆ ಪೆನಾಲ್ಟಿ. ಮೊದಲ ಪಂದ್ಯದಲ್ಲಿ ಒಬ್ಬ ಚೆಂಡೇ ಇಲ್ಲದವನನ್ನು ಅಪ್ಪಿ ಮಲಗಿಸಿದ, ಎದ್ದು ತೊಡೆ ತಟ್ಟಿದ. ರೆಫ್ರಿ ಹಳದಿ ಕಾರ್ಡ್ ತೋರಿಸಿದಾಗ ಅವನಿಗೆ ಆಶ್ಚರ್ಯ.

ಗೋಲ್ ಕಂಬಕ್ಕೆ ಕಬ್ಬಿಣದ ಪೈಪ್ ಬೆಲೆ ಕೇಳಿ ವಾಪಸ್ ಬಂದೆ. ಸರ್ವೆ ಗಳ ನೆಟ್ಟೆವು. ಅಡ್ಡಪಟ್ಟಿ ಮೂರು ಮೀಟರ್ ಎತ್ತರಕ್ಕೆ, ಬುಡಕ್ಕೆ ಹಳೇ ಹಾಸಿಗೆಯ ಫೋಮ್, ಮೇಲೆ ರೆಕ್ಸಿನ್. ಮೊದಲ ಜೋಡಿ ಗಾಳಿಗೆ ವಾಲಿತು. ಈಗ ಹಳ್ಳ ಮೂರಡಿ ತೋಡಿ ಜಲ್ಲಿ ತುಂಬಿ ಗುದ್ದುತ್ತೇವೆ.

ಸುಮ್ನೆ ನೋಡೋಣ ಅಂತ ಖೋಖೋ ಹುಡುಗಿಯರಿಗೂ ಚೆಂಡು ಕೊಟ್ಟೆ. ತಿರುಗುವ ವೇಗ ನೋಡಿ ಬಾಯಿ ಕಟ್ಟಿತು. ಗುಂಪಿನ ಬುಡದಿಂದ ಚೆಂಡು ಎತ್ತಿ ಸರಕ್ಕನೆ ದಾಟಿಸುವ ಸ್ಕ್ರಮ್ ಹಾಫ್ ಜಾಗಕ್ಕೆ ಹೇಳಿ ಮಾಡಿಸಿದವರು. ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದ ಕೂಡಲೇ ಒದೆಯುವ ಡ್ರಾಪ್ ಕಿಕ್ ಮಾತ್ರ ಯಾರಿಗೂ ಹತ್ತುತ್ತಿಲ್ಲ, ಫುಟ್ಬಾಲ್ ಆಡುವ ಒಬ್ಬಳನ್ನು ಹುಡುಕುತ್ತಿದ್ದೇನೆ. ಮುಂದಿನ ಸಲ ಅವರದೂ ನಾಲ್ಕು ತಂಡ ಸೇರಿಸಬೇಕು. ಏಳು ಪಂದ್ಯ ಜಾಸ್ತಿ, ಅಂದರೆ ಇನ್ನೂ ಹತ್ತಿರ ಹತ್ತಿರ ಎರಡೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಆಗುತ್ತೆ. ರೆಫ್ರಿಗಳನ್ನು ಒಪ್ಪಿಸಬೇಕು, ಅಷ್ಟೇ.